ಸೊಪ್ಪಿನ ತೋಟದಲ್ಲಿ ಕಾಣದ ಪ್ರಾಣಿ

ಮರಳವಾಡಿ ಹತ್ತಿರ,
ಬುಧವಾರ, 26-3-2025

ಪ್ರೀತಿಯ ನಿಖಾತ್,

ನೀನೂ ಮನೆಯವರೂ ಹುಷಾರಾಗಿದ್ದೀರಿ ಅಂದುಕೊಂಡಿದ್ದೇನೆ. ಈ ಸೆಕೆಯಲ್ಲಿ ಉಪವಾಸವಿದ್ದು ಬೊಂಬೆಗೆ ಬಣ್ಣ ಹಾಕುತ್ತಾ ಕೂತಿರುತ್ತೀಯ, ನೆನೆದರೆ ನನಗೇ ಬಾಯಾರುತ್ತದೆ. ನಿನ್ನ ಪಟ್ಟಿ ಬಂದು ಬಹಳ ದಿನವಾಯಿತು, ನನ್ನದೇ ತಡ. ಕೋಪ ಮಾಡಿಕೊಳ್ಳಬೇಡ. ರೇಷ್ಮೆ ಹುಳ ಕೊನೆಯ ಪೊರೆ ಕಳಚಿ ನಾಲ್ಕನೇ ಜ್ವರ ಎದ್ದಿವೆ. ಇನ್ನು ಗೂಡು ಕಟ್ಟುವವರೆಗೆ ಎಷ್ಟು ಹಿಪ್ಪುನೇರಳೆ ಸೊಪ್ಪು ಹಾಕಿದರೂ ಸಾಲದು.

ಶಾಲೆಯಲ್ಲಿ ಶುರು ಮಾಡಿದ ಆಟ ಇದು. ಯುಗಾದಿಯಿಂದ ಯುಗಾದಿಗೆ ಕಂಡ ಕಾಡುಪ್ರಾಣಿಗಳನ್ನು ಬರೆದು ಒಬ್ಬರಿಗೊಬ್ಬರು ಕಳಿಸುವುದು. ನಮಗೇ ಮಕ್ಕಳಾದರೂ ಬಿಟ್ಟಿಲ್ಲ ನೋಡು. ನೀನು "ಅಳಿಲು, ಮುಂಗುಸಿ, ಬಾವಲಿ, ನಮ್ಮ ಅತ್ತೆ" ಅಂತ ಬರೆದದ್ದು ಓದಿ ನಕ್ಕುಬಿಟ್ಟೆ. ನಮ್ಮ ಅತ್ತೆ ಕೆಂಚಮ್ಮನವರು "ಏನಮ್ಮಿ, ಒಬ್ಳೇ ನಗ್ತಾ ಇದ್ದೀಯ?" ಅಂದರು. ಏನಂತ ಹೇಳಲಿ?

ನನ್ನ ಪಟ್ಟಿ: ಮೊಲ, ಉಡ, ಕಾಡುಹಂದಿ, ಮುಳ್ಳುಹಂದಿ, ನರಿ. ಮಳೆಗಾಲದಲ್ಲಿ ಕೆರೆಯಾಚೆ ಆನೆಗಳು. ಚಿರತೆ ಬರೆದಿಲ್ಲ. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕು ಎಂದು ನೀನೇ ಕಾನೂನು ಮಾಡಿದ್ದೀಯ. ನಾನು ಕಂಡಿಲ್ಲ. ಆದರೆ ಅದು ನಮ್ಮ ಸೊಪ್ಪಿನ ತೋಟದಲ್ಲಿದೆ, ನಿಖಾತ್.

ಪಕ್ಕದ ಹೊಲದ ಮರಿಯಪ್ಪಣ್ಣನ ನಾಯಿ ಹೋಯಿತು. ಅದರ ಕೊರಳಪಟ್ಟಿ ನಮ್ಮ ಸಾಲಿನೊಳಗೆ ಸಿಕ್ಕಿತು. ನೀರು ಬಿಟ್ಟ ಮಣ್ಣಿನಲ್ಲಿ ಹೆಜ್ಜೆ ಇದ್ದವು. ನನ್ನ ಅಂಗೈ ಇಟ್ಟು ನೋಡಿದೆ, ಮುಚ್ಚಲಿಲ್ಲ. ಕಡ್ಡಿಗಳು ನನ್ನ ತಲೆಗಿಂತ ಎತ್ತರ ಬೆಳೆದಿವೆ, ಪಕ್ಕದ ಸಾಲಿನಲ್ಲಿ ಏನು ಕೂತಿದ್ದರೂ ಕಾಣುವುದಿಲ್ಲ. ಬಿಸಿಲೇರಿದರೆ ಸೊಪ್ಪು ಬಾಡುತ್ತದೆಂದು ಬೆಳಿಗ್ಗೆ ಬೇಗನೇ ಹೋಗಬೇಕು, ಬುಡಕ್ಕೆ ಬಗ್ಗಿ ಕೊಯ್ಯಬೇಕು.

ಫಾರೆಸ್ಟ್‌ನವರು ಒಬ್ಬರು ಬಂದಿದ್ದರು. "ಬಗ್ಗಿದ್ರೆ ಕುರಿ ಅನ್ಕೊತದೆ ಕಣಮ್ಮ. ಒಸಿ ಕೊಯ್ಯಿ, ಎದ್ದು ನಿಂತ್ಕೊ, ಜೋರಾಗಿ ಮಾತಾಡ್ತಾ ಇರು" ಅಂದರು. ಜೋರಾಗಿ, ನಾನು! ಹಾಜರಿ ಕೂಗಿದಾಗ ನನ್ನ ಬದಲು ನೀನೇ "ಬಂದವಳೆ ಮೇಡಂ" ಅನ್ನುತ್ತಿದ್ದೆ. ಏನು ಮಾತಾಡಬೇಕೋ ತಿಳಿಯದೆ ಮಗ್ಗಿ ಹೇಳಲು ಶುರು ಮಾಡಿದೆ. ಆಚೆ ಹೊಲದಿಂದ ಮರಿಯಪ್ಪಣ್ಣ, "ಏಳೆಂಟ್ಲ ಐವತ್ತಾರು ಕಣವ್ವ, ಐವತ್ನಾಲ್ಕಲ್ಲ! ತಪ್ಪು ಹೇಳುದ್ರೆ ಕಿರುಬ ನಕ್ಕಂಡು ಬಂದ್ಬುಡ್ತದೆ" ಅಂತ ಕೂಗಿದ; ಚಿರತೆ ಅವನ ಬಾಯಲ್ಲಿ ಕಿರುಬ. ನಗು ಬಂತು. ನಗುತ್ತಲೇ ಪಕ್ಕದ ಸಾಲಿನತ್ತ ತಿರುಗಿ ನೋಡಿದೆ.

ಅವನೇ ಪಟಾಕಿ ತಂದ, ಮೆಣಸಿನಕಾಯಿ ಹೊಗೆ ಹಾಕಿ ಓಡಿಸೋಣ ಅಂದ. ಅತ್ತೆ ಹುಳುಮನೆ ಬಾಗಿಲಿಗೆ ಎರಡು ಕೈ ಅಡ್ಡ ಇಟ್ಟು ನಿಂತರು. "ಹೊಗೆ ತಾಕುದ್ರೆ ಒಂದು ಹುಳ ಉಳಿದದಾ? ಗೂಡು ಕಟ್ಟೋಗಂಟ ನಮ್ಮ ಕಡೆ ಬೆಂಕಿಕಡ್ಡಿ ಗೀರ್ಬೇಡ ಕಣ್ಲಾ ಮರಿಯ." ಅವರನ್ನು ಕೆಟ್ಟವರೆನ್ನಲಾರೆ. ಪಕ್ಕದವರು ಔಷಧಿ ಹೊಡೆದ ಗಾಳಿಗೆ ಹಿಂದೊಮ್ಮೆ ಹುಳದ ಬೆಳೆ ಪೂರ್ತಿ ಕಪ್ಪಾಗಿ, ಮೊರದಲ್ಲಿ ತುಂಬಿ ತಿಪ್ಪೆಗೆ ಸುರಿದವರು ಅವರು.

ಯಜಮಾನರು ಬಿಡದಿಯಿಂದ ಶಿಫ್ಟ್ ಮುಗಿಸಿ ಬಂದಾಗ ಹೇಳಿಕೊಂಡೆ. "ನೀನ್ ಕಂಡ್ಯಾ? ನಿನ್ನ ಪಟ್ಟೀಲೇ ಇಲ್ವಲ್ಲಮ್ಮಿ!" ಅಂತ ನಕ್ಕರು. ಆಗಲೂ ಸುಳ್ಳು ಬರೆಯಲು ಆಗಲಿಲ್ಲ.

ಮತ್ತೆ ಅತ್ತೆಯೇ ಒಂದು ದಾರಿ ಹೇಳಿದರು. "ನಿಂದು ಇಲಿ ದನಿ. ಮಗೀನೂ ಕರ್ಕೊಂಡೋಗು, ಬದಿನ ಮೇಲೆ ಕೂತು ತಟ್ಟೆ ಬಡೀಲಿ. ಸದ್ದಿದ್ರೆ ಬರಕ್ಕಿಲ್ಲ." ನನ್ನ ಹಂಸಳಿಗೆ ಇನ್ನೂ ಐದು ತುಂಬಿಲ್ಲ. "ಚಿಕ್ಕೋಳು ಅತ್ತೆ" ಅಂದೆ. ಯಾರಿಗೂ ಕೇಳಲಿಲ್ಲ, ಅಥವಾ ನಾನೇ ಮನಸ್ಸಿನಲ್ಲಿ ಅಂದುಕೊಂಡೆನೋ. ಭಾನುವಾರದಿಂದ ತಟ್ಟೆ ಚಮಚ ಹಿಡಿದು ನನ್ನ ಹಿಂದೆ ಬರುತ್ತಾಳೆ. ಅವಳಿಗೆ ಅದು ಆಟ. ಅವಳು ಕೈ ಬದಲಿಸಲು ಒಂದು ಗಳಿಗೆ ನಿಲ್ಲಿಸಿದರೂ ನನ್ನ ಕುಡುಗೋಲು ನಿಲ್ಲುತ್ತದೆ.

ಹಬ್ಬ ಕಳೆದ ಮೇಲೆ ಅವಳನ್ನು ಕರೆದುಕೊಂಡು ಬರಲೇ? ಗೂಡು ಬಿಡಿಸುವವರೆಗೆ ನಿನ್ನ ಹತ್ತಿರ ಇಟ್ಟುಕೊಳ್ಳುತ್ತೀಯಾ? ನಿಮ್ಮ ಅತ್ತೆಯನ್ನು ಕೇಳಿ ಬರೆ.

ಈ ಸಲ ಯುಗಾದಿ, ರಂಜಾನ್ ಬೆನ್ನುಬೆನ್ನಿಗೆ ಬಂದಿವೆ. ನಿಮ್ಮ ಮನೆಯಲ್ಲಿ ಶಾವಿಗೆ ಪಾಯಸ ಉಕ್ಕಲಿ, ನಿನ್ನ ಕೈಬಣ್ಣಕ್ಕೆ ದೇವರು ಒಳ್ಳೆಯದು ಮಾಡಲಿ. ಮಗ ಸುಹೇಲನಿಗೆ ಈ ಚಿಕ್ಕಮ್ಮನ ಮುತ್ತು. ಅವನು ನೂರು ವರ್ಷ ಬಾಳಲಿ.

ನಿನ್ನ
ರಾಧಾಮಣಿ

ತಾ.ಕ.: ಗುರುವಾರ ಬೆಳಿಗ್ಗೆ. ಮೇಲಿನದೆಲ್ಲ ಬರೆದೆ, ಇದಕ್ಕೆ ಮಾತ್ರ ನಿನ್ನೆ ಕೈ ಬರಲಿಲ್ಲ. ಮಂಗಳವಾರ ತಟ್ಟೆ ಸದ್ದು ನಿಂತಿತು. ಹಂಸಾ ಅಂದೆ. ಮತ್ತೆ ಅಂದೆ. ಸಾಲು ಸೀಳಿಕೊಂಡು ಓಡಿದೆ. ಮಗು ಬದುವಿನ ಮೇಲೆ ನಿಂತಿದ್ದಳು, ಚಮಚ ಎತ್ತಿದ ಕೈ ಎತ್ತಿದಂತೆಯೇ ಇತ್ತು. ಎದುರಿನ ಸಾಲಿನಲ್ಲಿ ಕಡ್ಡಿಗಳು ಅಲ್ಲಾಡುತ್ತಿದ್ದವು, ಗಾಳಿ ಇರಲಿಲ್ಲ. ಆಗಿನಿಂದ ಅವಳು ಒಂದು ಮಾತೂ ಆಡಿಲ್ಲ. ಇವರಿಗೆ ಹೇಳಿದರೆ, "ಅವ್ಳು ಕಂಡ್ಳಾ ಕೇಳು" ಅಂದರು. ಅತ್ತೆ, "ಹಟ ಕಣಮ್ಮಿ, ಸರಿಹೋಯ್ತದೆ" ಅಂದರು. ಇವತ್ತು ನಾನು ಏಳುವಷ್ಟರಲ್ಲಿ, ಯಾರೂ ಹೇಳದೆ, ತಾನೇ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ನಿನ್ನ ಉತ್ತರಕ್ಕೆ ಕಾಯಲಾರೆ. ಮೊದಲ ಬಸ್ಸಿಗೆ ಬರುತ್ತಿದ್ದೇವೆ. ನಿನ್ನೆದುರು ನಿಂತರೆ ಇಷ್ಟು ಮಾತು ನನ್ನ ಬಾಯಿಂದ ಬರುವುದಿಲ್ಲ, ಅದಕ್ಕೇ ಕಾಗದ ಹಂಸಳ ಕೈಗೆ ಕೊಟ್ಟು, ಅವಳನ್ನು ನಿನ್ನ ಬಾಗಿಲಲ್ಲಿ ಬಿಟ್ಟು, ವಾಪಸ್ ಬಸ್ಸಿಗೇ ಹೊರಟಿರುತ್ತೇನೆ. ಸಂಜೆ ಸೊಪ್ಪಿಗೆ ತೋಟದಲ್ಲಿರಬೇಕು. ಅವಳನ್ನು ಮಾತಾಡು ಅಂತ ಒತ್ತಾಯ ಮಾಡಬೇಡ. ಹಸಿವಾದರೂ ಕೇಳುವುದಿಲ್ಲ, ನೀನೇ ಮುಖ ನೋಡಿ ಕೊಡು.