ನಂಬರಿನ ಯಜಮಾನರು

ಮೊಬೈಲ್ ಅಂಗಡಿಯ ಮ್ಯಾನೇಜರ್ ಅವರಿಗೆ ನಮಸ್ಕಾರ.

ಹಳೇ ನೆಟ್‌ವರ್ಕ್ ತಿಂಗಳ ಕೊನೆಗೆ ನಿಲ್ಲುತ್ತದೆ, ಹೊಸ ಪ್ಲಾನಿಗೆ ಬನ್ನಿ ಎಂದು ನಿಮ್ಮ ಕಂಪನಿ ದಿನಕ್ಕೆ ಮೂರು ಸಲ ಮೆಸೇಜ್ ಕಳಿಸಿ ಪ್ರಾಣ ತಿನ್ನುತ್ತಿದೆ. ಬರಲೆಂದೇ ನಿನ್ನೆ ಬಂದೆ. ಕೌಂಟರಿನ ಹುಡುಗಿ, "ನಂಬರು ನಿಮ್ಮ ಹೆಸರಲ್ಲಿಲ್ಲ ಅಕ್ಕಾ, ಯಜಮಾನ್ರೇ ಬಂದು ಹೆಬ್ಬೆಟ್ಟು ಒತ್ತಬೇಕು" ಎಂದಳು.

ನಿಮ್ಮ ಫಾರ್ಮಿನಲ್ಲಿ ಯಜಮಾನರೆಂದರೆ ನಂಬರಿನ ಒಡೆಯರು, ಅಷ್ಟೇ. ಈ ನಂಬರಿರುವುದು ನನ್ನ ಯಜಮಾನರ ಹೆಸರಲ್ಲಿ, ಅವರ ಮನೆ ಬಿಟ್ಟು ನನಗೆ ಹನ್ನೊಂದು ತಿಂಗಳಾಯಿತು. ಈ ಊರಲ್ಲಿ ಹೊಲಿಗೆ ಮೆಷಿನ್ ತುಳಿದು ಬದುಕಿದ್ದೇನೆ. ಬೇರೆ ನಂಬರು ತೆಗೆದುಕೊಳ್ಳಬಹುದಿತ್ತು. ಆದರೆ ಆರು ವರ್ಷದ ಮಗಳು ಇನ್ನೂ ಆ ಮನೆಯಲ್ಲೇ ಇದ್ದಾಳೆ. ಅವಳಿಗೆ ಬಾಯಿಪಾಠ ಇರುವುದು ಇದೊಂದೇ ನಂಬರು. ಅವರಿಲ್ಲದ ಹೊತ್ತು ನೋಡಿ, ಯಾರ್ಯಾರದೋ ಫೋನಿನಿಂದ, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಮಾಡಿ "ಅಮ್ಮಾ, ನಾನು" ಎನ್ನುತ್ತಾಳೆ.

ನಿಮ್ಮ ಹುಡುಗಿ ಒಳ್ಳೆಯವಳು. ನಾನು ಬೇಡ ಎನ್ನುವಷ್ಟರಲ್ಲಿ ದಾಖಲೆಯಲ್ಲಿದ್ದ ಇನ್ನೊಂದು ನಂಬರು ಹುಡುಕಿ ಅವರಿಗೇ ಫೋನ್ ಮಾಡಿಬಿಟ್ಟಳು. "ತುಂಬಾ ಮರ್ಯಾದಸ್ಥರು ಅಕ್ಕಾ, ನಾಳೆನೇ ಬಂದು ಹೊಸ ಸಿಮ್ಮು ತಾವೇ ತಗೊಂಡು ಹೋಗ್ತಾರಂತೆ" ಎಂದಳು.

ಅದಕ್ಕೇ ನೀವು ಅಂಗಡಿ ತೆರೆಯುವ ಮೊದಲು ಈ ಪತ್ರವನ್ನು ಶಟರಿನ ಕೆಳಗೆ ತೂರಿಸಿ ಹೋಗುತ್ತಿದ್ದೇನೆ. ದಯವಿಟ್ಟು ಅವರನ್ನು ಬರಿಗೈಯಲ್ಲಿ ಸಾಗಹಾಕಿ. ಸರ್ವರ್ ಇಲ್ಲ ಎನ್ನಿ. ಆ ಮಾತು ನಿಮಗೆ ಹೊಸದಲ್ಲ. ನಂಬರು ಸತ್ತರೆ ಸಾಯಲಿ. ಯಾರೂ ಎತ್ತದಿದ್ದರೆ ಮಗಳು ಒಂದಿಷ್ಟು ಅತ್ತು ಸುಮ್ಮನಾದಾಳು. "ಅಮ್ಮಾ, ನಾನು" ಎಂದಾಗ ಆ ಕಡೆ ಅವರಿರುವುದು ಬೇಡ.

ಇಂತಿ,
ನಿನ್ನೆ ಅರ್ಜಿಯನ್ನು ಅರ್ಧಕ್ಕೇ ಬಿಟ್ಟು ಹೋದವಳು