ಚಾಟ್‌ಬಾಟ್ ಕೊಟ್ಟ ಮಾತು

ಮಾರ್ಚ್ ೧೪, ಗುರುವಾರ

ಇನ್ನೂ ಮೈ ಉರಿಯುತ್ತಿದೆ. ಚಾರ್ಜಿಗೆ ಹಾಕಿದ್ದ ಸ್ಕೂಟರ್ ಬ್ಯಾಟರಿ ಸಿಡಿದು ಅಂಗಡಿ ಸುಟ್ಟುಕೊಂಡ ಟೈಲರಮ್ಮ ಇವತ್ತು ನಮ್ಮ ವಿಮಾ ಕಚೇರಿಗೆ ಬಂದಿದ್ದರು. ಪಾಲಿಸಿ ಕೊಳ್ಳುವ ಮುಂಚೆ ನಮ್ಮ ವೆಬ್‌ಸೈಟಿನ ಚಾಟ್‌ಬಾಟ್ ಕೊಟ್ಟಿದ್ದ ಉತ್ತರವನ್ನು ಪ್ರಿಂಟ್ ಮಾಡಿಸಿ ತಂದಿದ್ದರು: “ಚಿಂತೆ ಬೇಡ, ಬ್ಯಾಟರಿ ಬೆಂಕಿಗೂ ಪರಿಹಾರ ಸಿಗುತ್ತದೆ.”

“ಅದು ಮಷೀನ್ ಹೇಳಿದ್ದಮ್ಮಾ, ನಾವಲ್ಲ. ಪಾಲಿಸೀಲಿ ಹಾಗಿಲ್ಲ,” ಎಂದು ಮ್ಯಾನೇಜರ್ ಕೈತೊಳೆದುಕೊಂಡ.

“ಮಷೀನ್ ಯಾರದು ಸ್ವಾಮಿ? ಕೋರ್ಟಲ್ಲೇ ಕೇಳ್ತೀನಿ,” ಎಂದು ಅವರು ಎದ್ದುಹೋದರು.

ಬಾಗಿಲು ಮುಚ್ಚಿದ್ದೇ ತಡ, ನನ್ನತ್ತ ತಿರುಗಿದ: “ನೋಟಿಸ್ ಬರೋದ್ರೊಳಗೆ ನಮ್ಮ ಸಿಸ್ಟಮ್ಮಲ್ಲಿರೋ ಆ ಚಾಟ್ ಅಳಿಸಿಬಿಡಿ.”

ಮಾನಗೆಟ್ಟವನು! ಅಳಿಸುವುದಿಲ್ಲ, ಏನು ಬೇಕಾದರೂ ಮಾಡಿಕೊಳ್ಳಲಿ. ಆದರೆ, ಏನೇ ಕೇಳಿದರೂ ಮೊದಲು “ಚಿಂತೆ ಬೇಡ” ಅನ್ನು ಎಂದು ಆ ಮಷೀನಿಗೆ ಕಲಿಸಿದವನು ನಾನೇ.