ಯಾರೂ ಎತ್ತದ ಹಾಡು

ತಂಗಿ ಮಿಯೊ,

ಈ ದ್ವೀಪದ ಶಾಲೆಗೆ ಬಂದು ತಿಂಗಳಾಯಿತು. ಗಾಳಿಗೆ ಇನ್ನೂ ಕಿವಿ ಮರಗಟ್ಟುತ್ತದೆ. ಊರವರು ಸಂಜೆ ಸೇರಿ ಮೈಕ್ ಹಿಡಿದು ಹಾಡುವ ಇಲ್ಲಿನ ಕರೋಕೆಗೆ ಒಂದು ವಿಚಿತ್ರ ಕಟ್ಟಳೆ: ಸಂಜೆಗೊಂದು ಅಕ್ಷರ, ಹಾಡಿನ ಹೆಸರು ಅದರಿಂದಲೇ ಶುರುವಾಗಬೇಕು. ನಿನ್ನೆ ‘ಯು’. ಯುಕಿ, ಯುಮೆ ಎಂದು ಹಿಮದ ಹಾಡು, ಕನಸಿನ ಹಾಡು ಎಲ್ಲ ಮುಗಿದವು. ಉಳಿದದ್ದು ‘ಯೂಬೆ ನೊ ಫುನೆ’, ಸಂಜೆಯ ದೋಣಿಯ ಹಾಡು, ಒಂದೇ. ಅದು ಹೋದ ವರ್ಷ ತೀರಿಕೊಂಡ ಮೀನುಗಾರ ಕುರೊಸೆಯವರ ಕಾಯಂ ಹಾಡು. ಅವರ ಹೆಂಡತಿ ಎದುರಿಗೇ ಕೂತಿದ್ದರಲ್ಲ, ಮರ್ಯಾದೆಗೆ ಯಾರೂ ಮೈಕ್ ಮುಟ್ಟಲಿಲ್ಲ.

ಕೊನೆಗೆ ಆ ಅಜ್ಜಿಯೇ ಸಿಡುಕಿದರು: “ಏನ್ರೋ, ನಮ್ಮೋರ ಜೊತೆ ಆ ಹಾಡನ್ನೂ ಸುಟ್ಟುಬಿಟ್ರಾ? ಅದನ್ನ ಕೇಳೋಕೆ ಅಂತಾನೇ ನಾನಿಲ್ಲಿಗೆ ಬರ್ತಿರೋದು!”

ಎಲ್ಲರೂ ಎದ್ದು ಹಾಡಿದೆವು, ಒಬ್ಬೊಬ್ಬರದು ಒಂದೊಂದು ಶ್ರುತಿ. “ಅವರೂ ಹಿಂಗೇ ಕೆಟ್ಟದಾಗಿ ಹಾಡ್ತಿದ್ರು” ಎಂದು ಅಜ್ಜಿ ನಗುತ್ತ ಕಣ್ಣೊರೆಸಿಕೊಂಡರು.

ನನ್ನ ಕೆಮ್ಮು ವಾಸಿಯಾಗಿದೆ. ಉಣ್ಣೆಯ ಕಾಲುಚೀಲ ಕಳಿಸು. ಟಪಾಲಿನ ದೋಣಿ ಕೂಗುತ್ತಿದೆ, ಒಂದೇ ಮಾತು: ಅಪ್ಪ ಹೋದ ಮೇಲೆ ಅವರ ಹಾಡನ್ನು ನಮ್ಮನೆಯಲ್ಲೂ ಯಾರೂ ಎತ್ತಿಲ್ಲ. ಈ ಕಾಗದ ಸಿಕ್ಕ ದಿನವೇ ನೀನು ಅದನ್ನು ಅಮ್ಮನ ಮುಂದೆ ಹಾಡು.

ಅಕ್ಕ ಸುಮಿಯೆ